ಮಡಚಲಾಗದ ರೆಕ್ಕೆ

ಹದಿನಾಲ್ಕನೇ ತಾರೀಖು, ಬುಧವಾರ.

ಅಕ್ಕ ಇವತ್ತೂ "ಚೆನ್ನಾಗಿದೆ" ಅಂದಳು. ಆ ಮಾತು ಎದೆಯಿಂದ ಇಳಿಯುತ್ತಿಲ್ಲ.

ಚಿಕ್ಕಂದಿನಿಂದ ನಾನು ಕಲ್ಪಿಸಿ ಬರೆದ ಯಾವ ಪ್ರಾಣಿಯನ್ನೂ ಅವಳು ಸುಮ್ಮನೆ ಒಪ್ಪಿದವಳಲ್ಲ. ಆನೆಗೆ ಮೀನಿನ ಬಾಲ ಬರೆದರೆ, "ಅದೆಲ್ಲ ಸರಿ ಕಣೋ, ಇದು ಮಲಗೋದು ಹೇಗೆ?" ಅನ್ನುತ್ತಿದ್ದಳು. ನಾನು ಸಿಟ್ಟಿನಿಂದ ಎದ್ದು ಹೋಗಿ, ಅದಕ್ಕೆ ನಿದ್ದೆ ಬರುವ ಹಾಗೆ ತಿದ್ದಿ ತರುತ್ತಿದ್ದೆ. ನನ್ನ ಚಿತ್ರಗಳಿಗೆ ಜೀವವಿದೆ ಎಂದು ಜನ ಹೊಗಳಿದ್ದೆಲ್ಲ ಆ ತಿದ್ದಿದ ಜಾಗಗಳನ್ನೇ.

ಮರೆವಿನ ಕಾಯಿಲೆ ಬಂದ ಮೇಲೆ ಅವಳಿಗೆ ಎಲ್ಲವೂ ಚೆನ್ನಾಗಿದೆ. ಅದಕ್ಕೇ ಇವತ್ತು ಬೇಕೆಂದೇ ತಪ್ಪು ಬರೆದುಕೊಂಡು ಅವಳ ಮನೆಗೆ ಹೋಗಿದ್ದೆ. ಕರಡಿಯ ಬೆನ್ನಿಗೆ ಹಲಗೆಯಂಥ ರೆಕ್ಕೆ, ಮಡಚಲು ಒಂದು ಕೀಲೂ ಇಲ್ಲ. ಅವಳು ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ತುಂಬಾ ಹೊತ್ತು ನೋಡಿದಳು. ಈಗ ಬೈಯುತ್ತಾಳೆ ಎಂದು ಆಸೆಯಿಂದ ಕಾದೆ.

"ಚೆನ್ನಾಗಿದೆ," ಅಂದಳು. "ನೀವೇ ಬರೆದದ್ದಾ?"

ಮನೆಗೆ ಬಂದಾಗಿನಿಂದ ಆ ಕರಡಿಯ ಮುಂದೆಯೇ ಕೂತಿದ್ದೇನೆ. ಆಗಲೇ ಒಮ್ಮೆ ಅವಳ ಹಾಗೆಯೇ ಜೋರಾಗಿ ಕೇಳಿ ನೋಡಿದೆ, ಇದು ಮಲಗೋದು ಹೇಗೆ ಕಣೋ ಅಂತ. ಸಿಟ್ಟು ಬರಲಿಲ್ಲ. ಬಂದಿದ್ದರೆ ಕೀಲು ಬರೆದುಬಿಡುತ್ತಿದ್ದೆ.