ಭರಮಣ್ಣನ ಸಂಜೆಯ ಕೂಗಿಗೆ ಬಿದ್ದ ಬೀಗ

ದೋಣಿಕಟ್ಟೆಯ ಮೇಲ್ವಿಚಾರಣಾಧಿಕಾರಿಗಳಿಗೆ,

ಮಾನ್ಯರೇ, ಮೇಡ್ಲೇರಿಯಿಂದ ಹೊಳೆದಂಡೆಗುಂಟ ಬಂದರೆ ಸಿಗುವ ನಮ್ಮ ಸಣ್ಣ ಊರಿನ ಕಟ್ಟೆಯಲ್ಲಿ ನೀವು ನೆಡಿಸಿರುವ ಫಲಕದ ಏಳನೇ ನಿಯಮವನ್ನು ಅಳಿಸಬೇಕು. "ಕಟ್ಟೆಯ ಆವರಣದಲ್ಲಿ ದೋಣಿ ಮಾಲೀಕರು ಕೂಗುವುದನ್ನು ನಿಷೇಧಿಸಲಾಗಿದೆ." ಇದೊಂದೇ ಸಾಲಿನ ದೆಸೆಯಿಂದ ಕಳೆದ ತಿಂಗಳು ನಾನು ಐದು ತಿಂಗಳ ಮಗನನ್ನು ಎತ್ತಿಕೊಂಡು ಆಚೆ ದಂಡೆಯಲ್ಲಿ ಉಳಿದುಹೋದೆ. ಇನ್ನೊಬ್ಬರು ಹಾಗೆ ಉಳಿಯುವ ಮುಂಚೆ ಈ ಪತ್ರ ನಿಮ್ಮ ಮೇಜಿಗೆ ಬರಲಿ ಎಂದು ಬರೆಯುತ್ತಿದ್ದೇನೆ.

ನಿಮ್ಮ ಫಲಕ ನೋಡಲು ಚೆಂದವಿದೆ. ಹನ್ನೊಂದು ನಿಯಮ, ನಾಲ್ಕು ಬಣ್ಣ. "ವಿಹಾರ ನೌಕೆಗಳ ಇಂಜಿನನ್ನು ಅನಗತ್ಯವಾಗಿ ಚಾಲನೆಯಲ್ಲಿಡತಕ್ಕದ್ದಲ್ಲ" ಎಂದಿದ್ದೀರಿ. ನಮ್ಮಲ್ಲಿರುವುದು ಮೂರು ಹರಿಗೋಲು, ಒಂದು ಕಟ್ಟಿಗೆಯ ದೋಣಿ. ಅವುಗಳ ಇಂಜಿನ್ನು ಅಂಬಿಗ ಭರಮಣ್ಣನ ಎರಡು ತೋಳು. ಅವು ಅನಗತ್ಯವಾಗಿ ಓಡಿದ್ದನ್ನು ಯಾರೂ ಕಂಡಿಲ್ಲ. "ನೌಕೆಯಲ್ಲಿ ಸಾಕುಪ್ರಾಣಿಗಳಿಗೆ ಪ್ರವೇಶವಿಲ್ಲ" ಎಂದೂ ಇದೆ. ಅದರ ಕೆಳಗೇ ನಿಂತು ದಿನಾ ಆಡುಗಳು ದೋಣಿ ಏರುತ್ತವೆ. ಯಾವ ಸಮುದ್ರದ, ಯಾವ ಶ್ರೀಮಂತರ ಬಂದರಿನಿಂದ ಈ ನಿಯಮಗಳನ್ನು ಎತ್ತಿ ತಂದಿರಿ? ತರುವ ಮುಂಚೆ ನಮ್ಮ ಕಟ್ಟೆಗೂ ನಿಯಮಗಳಿವೆಯೇ ಎಂದು ಒಬ್ಬರನ್ನಾದರೂ ಕೇಳಿದಿರಾ?

ಇದ್ದವು, ಸ್ವಾಮಿ. ಬರೆದಿಟ್ಟಿರಲಿಲ್ಲ, ಅಷ್ಟೇ. ಒಬ್ಬರ ದೋಣಿ ದಾಟಿ ಇನ್ನೊಂದಕ್ಕೆ ಹೋಗಬೇಕಾದರೆ ಚಪ್ಪಲಿ ಕೈಯಲ್ಲಿ ಹಿಡಿಯಬೇಕು. ನಿಮ್ಮದನ್ನು ಬಿಡಿಸಲು ಮತ್ತೊಬ್ಬರ ಹಗ್ಗ ಬಿಚ್ಚಿದರೆ, ಅವರು ಕಟ್ಟಿದ್ದಕ್ಕಿಂತ ಗಟ್ಟಿಯಾಗಿ ಕಟ್ಟಿ ಹೋಗಬೇಕು. ಎಲ್ಲಕ್ಕಿಂತ ದೊಡ್ಡದು, ಸಂಜೆ ಕೊನೆಯ ದೋಣಿ ಕಟ್ಟುವವನು ಹಗ್ಗ ಬಿಗಿಯುವ ಮುನ್ನ ಆಚೆ ದಂಡೆಯತ್ತ ಮುಖ ಮಾಡಿ ಮೂರು ಸಲ ಕೂಗಬೇಕು: "ಯಾರರ ಉಳದೀರೇನ್ರೀ...?" ಯಾರಾದರೂ ಓಗೊಟ್ಟರೆ, ಎಷ್ಟೇ ದಣಿದಿರಲಿ, ಮತ್ತೊಮ್ಮೆ ಹೋಗಿ ಕರೆತರಬೇಕು. ಮೂರನೇ ಕೂಗಿಗೂ ಹೊಳೆ ಸುಮ್ಮನಿದ್ದರೆ ಮಾತ್ರ ಹಗ್ಗ.

ಆ ಕೂಗನ್ನು ನಿಲ್ಲಿಸಿದವರು ಯಾರು? ನೀವಲ್ಲ. ನಾನು.

ನಾನು ಬ್ಯಾಡಗಿಯವಳು. ಹೊಳೆ ಕಂಡವಳಲ್ಲ, ನನಗೆ ನೀರೆಂದರೆ ನಲ್ಲಿ. ರಾಣೆಬೆನ್ನೂರಿನಲ್ಲಿ ಬಿ.ಎ. ಮುಗಿಸಿ, ಮದುವೆಯಾಗಿ, ಕಟ್ಟೆಗೆ ಬೆನ್ನು ಹಚ್ಚಿಕೊಂಡಿರುವ ಈ ಮನೆಗೆ ಬಂದೆ. ಅತ್ತೆಯಿಲ್ಲ, ಮಾವನಿಲ್ಲ. ಗಂಡ ಮಾಲತೇಶ ಮೆಣಸಿನಕಾಯಿ ಲಾರಿ ಓಡಿಸುತ್ತಾರೆ. ತಿಂಗಳಿಗೆ ಎರಡು ಸಲ ಮನೆ. ಮಗ ಹುಟ್ಟಿದಂದಿನಿಂದ ನನಗೆ ನಿದ್ದೆಯಿಲ್ಲ. ಅವನು ಅತ್ತರೆ ಭಯ, ಸುಮ್ಮನಿದ್ದರೆ ಇನ್ನೂ ಭಯ. ಮೂಗಿನ ಕೆಳಗೆ ಬೆರಳಿಟ್ಟು ಉಸಿರು ನೋಡುತ್ತ ಕೂರುತ್ತೇನೆ. ಅವನು ಕಣ್ಣು ಮುಚ್ಚುತ್ತಿದ್ದದ್ದು ಹೊತ್ತು ಮುಳುಗುವಾಗ ಒಂದು ತಾಸು. ಸರಿಯಾಗಿ ಆಗಲೇ ಹಿತ್ತಲಾಚೆ ಭರಮಣ್ಣನ ಮೂರು ಕೂಗು. ಮಗ ಬೆಚ್ಚಿ ಎದ್ದು ಕಿರುಚುತ್ತಿದ್ದ, ನಾನು ಅವನೊಡನೆ ಅಳುತ್ತಿದ್ದೆ.

ಓದಿದವಳಲ್ಲವೇ? ಹೋಗಿ ಭರಮಣ್ಣನಿಗೆ "ಕಾಕಾ, ಕೂಸು ಮಲಗಿರತೈತಿ, ಸ್ವಲ್ಪ ಆ ಕಡೆ ನಿಂತು ಕೂಗ್ರಿ" ಅನ್ನುವ ಬದಲು ನಿಮಗೆ ಅರ್ಜಿ ಬರೆದೆ. ಶಬ್ದ ಮಾಲಿನ್ಯ, ಶಿಶು ಆರೋಗ್ಯ, ಸೂಕ್ತ ಕ್ರಮ... ಕಾಲೇಜಿನಲ್ಲಿ ಕಲಿತದ್ದನ್ನೆಲ್ಲ ಸುರಿದೆ. ಮುರಿದ ಮೆಟ್ಟಿಲಿನ ಬಗ್ಗೆ ಊರವರು ಕೊಟ್ಟ ಅರ್ಜಿ ನಿಮ್ಮಲ್ಲಿ ನಾಲ್ಕು ವರ್ಷದಿಂದ ನಿದ್ದೆ ಹೊಡೆಯುತ್ತಿದೆ. ನನ್ನದಕ್ಕೆ ಹನ್ನೆರಡೇ ದಿನದಲ್ಲಿ ಫಲಕ ಎದ್ದಿತು. ಏನನ್ನಾದರೂ ಕಟ್ಟಿಕೊಡಿ ಎಂದರೆ ಬಾರದ ಚುರುಕು ಬಾಯಿ ಕಟ್ಟಿಸಿರಿ ಎಂದರೆ ಹೇಗೆ ಬರುತ್ತದೆ, ಮಾನ್ಯರೇ?

ಆಚೆ ದಂಡೆಯಿಂದ ಒಳಗೆ ನಡೆದರೆ ಜಯವ್ವನ ಮನೆ. ನಮ್ಮ ಅತ್ತೆಯ ತಂಗಿ. ಕೂಸಿಗೆ ಎಣ್ಣೆ ಹಚ್ಚಿ, ಕಾಲ ಮೇಲೆ ಹಾಕಿಕೊಂಡು ನೀರೆರೆಯಲು ನನಗೆ ಬಾರದ್ದರಿಂದ ವಾರಕ್ಕೊಮ್ಮೆ ಅವರಲ್ಲಿಗೆ ಹೋಗುತ್ತೇನೆ. ಅಂದು ಎರೆದುಕೊಂಡ ಮಗ ದಾರಿಯಲ್ಲೇ ಹೆಗಲ ಮೇಲೆ ನಿದ್ದೆಹೋದ. ಎಷ್ಟೋ ದಿನದ ಮೇಲೆ ಅಂಥ ನಿದ್ದೆ. ಗಾಳಿ ತಾಗದಿರಲೆಂದು ಜಾಲಿ ಪೊದೆಯ ಮರೆಯಲ್ಲಿ ಕೂತೆ. ಸ್ವಲ್ಪ ಹೊತ್ತಿಗೆ ತಲೆಯೆತ್ತಿ ನೋಡಿದರೆ ಈಚೆ ದಂಡೆಯಲ್ಲಿ ಭರಮಣ್ಣ ನಮ್ಮ ಕಡೆಗೇ ಮುಖ ಮಾಡಿ ನಿಂತಿದ್ದರು. ಎಂದಿನಂತೆ ಎರಡೂ ಕೈ ಬಾಯಿಯವರೆಗೆ ಏರಿದವು. ಹಾಗೇ ಇಳಿದವು. ಆಮೇಲೆ ಬಗ್ಗಿ, ಫಲಕದ ಇನ್ನೊಂದು ನಿಯಮದಂತೆ ಹಗ್ಗದ ಬದಲು ದೋಣಿಗೆ ಸರಪಳಿ ಹಾಕಿದರು.

ಕೂಗಬೇಕಾದವಳು ನಾನು. ಆದರೆ ಹೆಗಲ ಮೇಲೆ ಮಗ ಮಲಗಿದ್ದ. ಎಚ್ಚರವಾಗಿಬಿಟ್ಟರೆ ಎಂದು ಒಂದು ಗಳಿಗೆ ತಡೆದೆ. ಕೊನೆಗೆ ಕೂಗಿದಾಗ ಅವರ ಮೊಪೆಡ್ಡಿನ ಸದ್ದು ಏರಿತ್ತು. ಮಗ ಎದ್ದು ಅತ್ತ. ಫೋನನ್ನು ಮನೆಯಲ್ಲಿ ಚಾರ್ಜಿಗೆ ಹಚ್ಚಿ ಬಂದಿದ್ದೆ. ಆಚೆ ದಂಡೆಯಿಂದ ನನ್ನ ಮನೆಯ ಹಿತ್ತಲ ಬಾಗಿಲು ಕಾಣುತ್ತದೆ ಎಂಬುದು ಅಂದೇ ನನಗೆ ಗೊತ್ತಾದದ್ದು. ದೀಪವಿರಲಿಲ್ಲ. ನಾನು ಬಂದಿಲ್ಲವೆಂದು ಕೇಳುವವರು ಆ ಮನೆಯೊಳಗೆ ಯಾರೂ ಇರಲಿಲ್ಲ.

ಕೂಸನ್ನು ಸೆರಗಿನಲ್ಲಿ ಸುತ್ತಿಕೊಂಡು ಎರಡು ಮೈಲು ಹಿಂದಕ್ಕೆ ನಡೆದೆ. ಜಯವ್ವ ಕದ ತೆರೆದು, "ಭರಮ್ಯಾ ಕೂಗಲಿಲ್ಲೇನ?" ಎಂದರು. ಮನೆಗೆ ಮರಳಿ ಫೋನು ನೋಡಿದಾಗ, ಲಾರಿಯಲ್ಲಿದ್ದ ಮಾಲತೇಶ ಹದಿನಾಲ್ಕು ಸಲ ಕರೆ ಮಾಡಿದ್ದರು. ಮಗ ಒಂದು ವಾರ ಕೆಮ್ಮಿದ.

ಮರುದಿನ ಬೆಳಿಗ್ಗೆ ನನ್ನನ್ನು ಆಚೆ ಕಂಡು ಭರಮಣ್ಣ ಹುಟ್ಟು ಹಾಕುವುದನ್ನೇ ಮರೆತರು. "ತಂಗೆವ್ವಾ, ರಾತ್ರಿಯೆಲ್ಲಾ ಇಲ್ಲೇ ಇದ್ರೇನ್ರಿ?"

"ಒಂದ ಸಲಾನೂ ಯಾಕ ಕೂಗಲಿಲ್ಲರಿ ಕಾಕಾ? ಬೋರ್ಡಿಗೆ ಹೆದರಿದ್ರೇನು?"

"ಬೋರ್ಡಿಗೆ ಯಾವಾಂವ ಹೆದರ್ತಾನ್ರೀ? ಅದರ ಕಾಲಿಗೇ ಆಡು ಕಟ್ಟೇನಿ. ಅರ್ಜಿ ನಿಮ್ದು ಅಂದ್ರು. ಕೂಸಿನ ತಾಯಿ ಬ್ಯಾಡ ಅಂದ ಮ್ಯಾಲ ನಾ ಹೆಂಗ ಬಾಯಿ ತಗೀಲಿ?"

ನಿಮ್ಮ ಕಚೇರಿಗೂ ಬಂದಿದ್ದೆ. ಗುಮಾಸ್ತರು ಕಡತ ತಿರುವಿ ನಕ್ಕರು. "ಹಾಕ್ರಿ ಅನ್ನೋರೂ ನೀವ, ತಗೀರಿ ಅನ್ನೋರೂ ನೀವ. ನಡುವ ನಾವೇನ್ ಚೆಂಡೇನ್ರೀ?" ನಿಯಮ ತೆಗೆಯಲು ಸಾರ್ವಜನಿಕರ ಒಪ್ಪಿಗೆ ಬೇಕಂತೆ. ಹಾಕುವಾಗ ಒಬ್ಬಳ ಅರ್ಜಿ ಸಾಕಾಗಿತ್ತು, ಆ ಒಬ್ಬಳು ಈಗ ಸಾರ್ವಜನಿಕಳಲ್ಲವೇ? ಊರಿನಲ್ಲಿ ಸಹಿ ಕೇಳೋಣವೆಂದರೆ, ನಾನು ಕಟ್ಟೆಗೆ ಇಳಿದೊಡನೆ ಬಟ್ಟೆ ಒಗೆಯುವವರ ಕೈ ನಿಲ್ಲುತ್ತದೆ. "ಸುಮ್ನಿರ್ರೇ, ಐಶ್ವರ್ಯಾನ ಕೂಸ ಮಲಗೈತಿ" ಎನ್ನುತ್ತಾರೆ ಪ್ರೇಮವ್ವ. ಎಲ್ಲರೂ ನಗುತ್ತಾರೆ, ಆಮೇಲೆ ನಿಜವಾಗಿಯೂ ಸುಮ್ಮನಾಗುತ್ತಾರೆ. ನಾನು ಬೇಡಿದ ಮೌನ ಪೂರ್ತಿಯಾಗಿ ಸಿಕ್ಕಿದೆ, ಮಾನ್ಯರೇ. ಮಗ ಈಗ ಆ ಒಂದು ತಾಸು ಚೆನ್ನಾಗಿ ಮಲಗುತ್ತಾನೆ. ನಾನು ಮಾತ್ರ ಕಿವಿ ತೆರೆದುಕೊಂಡು ಬಾರದ ಕೂಗಿಗೆ ಕಾಯುತ್ತ ಕೂರುತ್ತೇನೆ.

ಮಳೆಗಾಲಕ್ಕೆ ಹೊಳೆ ತುಂಬುವ ಮೊದಲು ಆ ಸಾಲಿಗೆ ಬಣ್ಣ ಬಳಿಯಿರಿ. ಉಳಿದ ಹತ್ತನ್ನು ಬೇಕಾದರೆ ಇಟ್ಟುಕೊಳ್ಳಿ, ಆಡುಗಳು ಓದುವುದಿಲ್ಲ. ಅಳಿಸಿದ್ದನ್ನು ಭರಮಣ್ಣನಿಗೆ ನಿಮ್ಮ ಬಾಯಿಂದಲೇ ಹೇಳಿ. ನನ್ನ ಮಾತು ಕೇಳಿ ಅವರು ಮತ್ತೆ ಕೂಗಲಾರರು, ನನ್ನ ಕೂಸಿನ ಮೇಲೆ ಅವರಿಗೆ ಅಷ್ಟು ಕಾಳಜಿ.

ಕೂಗಿದರೆ ಮಗ ಏಳುತ್ತಾನೆ. ಏಳಲಿ. ಎತ್ತಿಕೊಂಡು ಹಿತ್ತಲ ಬಾಗಿಲಿಗೆ ಬಂದು, ನಾನು ಈಚೆಯೇ ಇದ್ದೇನೆಂದು ಓಗೊಡುತ್ತೇನೆ. ಅವರು ಕೇಳುವುದು ಆಚೆ ದಂಡೆಯವರನ್ನು ಎಂದು ನನಗೆ ಗೊತ್ತು. ಆದರೂ ಓಗೊಡುತ್ತೇನೆ.

ಇಂತಿ,
ನಿಮ್ಮ ಕಡತದ ಪ್ರಕಾರ ಏಳನೇ ನಿಯಮದ ಏಕೈಕ ಫಲಾನುಭವಿ,
ಐಶ್ವರ್ಯ ಮಾಲತೇಶ
ಕಟ್ಟೆಯ ಹಿಂದಿನ ಮನೆ