ಔರಾದಿನ ಕಾರಿಗೆ ಸೋಪು ಮೆತ್ತಿದ್ದು

ಗೆಳೆಯ ಖಾಜಾಮಿಯಾ,

ಈ ಕಾಗದ ನಿನಗೆ ಮುಟ್ಟುವುದಿಲ್ಲ. ಆದರೂ ಇವತ್ತು ನಡೆದದ್ದನ್ನು ನಿನ್ನ ಮುಂದೆಯೇ ಹೇಳಬೇಕು.

ರಜಾಕಾರರನ್ನು ಓಡಿಸಿ ಇಂಡಿಯಾದ ಮಿಲಿಟರಿ ಬೀದರಿಗೆ ಬಂದು ಹತ್ತು ದಿನವಾಯಿತು. ಅಂದಿನಿಂದ ರಜಾಕಾರರ ಮೇಲಿನ ಸೇಡೆಂದು ಊರೂರಲ್ಲಿ ಮುಸಲ್ಮಾನರನ್ನು ಹುಡುಕಿ ಕೊಲ್ಲುತ್ತಿದ್ದಾರೆ. ಮಧ್ಯಾಹ್ನ ಔರಾದಿನ ಪ್ರಭಾಕರ ವಕೀಲರು ತಮ್ಮ ಹಳೆಯ ಕಾರನ್ನು ಜನವಾಡದ ನಮ್ಮ ಗ್ಯಾರೇಜಿಗೆ ತಂದರು. ಟ್ಯಾಂಕಿನಿಂದ ಪೆಟ್ರೋಲ್ ಸೋರುತ್ತಿತ್ತು. ಹಿಂದಿನ ಸೀಟಿನಲ್ಲಿ ಕುಂಕುಮವಿಟ್ಟ ಹೆಂಗಸೊಬ್ಬಳು ತಲೆ ತಗ್ಗಿಸಿ ಕೂತಿದ್ದಳು.

"ನಮ್ಮೂರ ಮೌಲ್ವಿ ಹೆಂಡತಿ. ಬೀದರ್ ಮಿಲಿಟರಿ ಕ್ಯಾಂಪಿಗಿ ಮುಟ್ಟಸ್ಬೇಕು," ಎಂದು ವಕೀಲರು ಪಿಸುಗುಟ್ಟಿದರು.

ನಾನು ಕಾರಿನಡಿ ಮಲಗಿ, ನೀನು ಕಲಿಸಿದಂತೆ ಟ್ಯಾಂಕಿನ ಸೀಳಿಗೆ ಬಟ್ಟೆ ಒಗೆಯುವ ಸೋಪು ಮೆತ್ತುತ್ತಿದ್ದೆ. ಆಗ ನಾಲ್ಕು ಜನ ಬಡಿಗೆ ಹಿಡಿದು ಬಂದರು. ಒಬ್ಬನ ಬಾಯಲ್ಲಿ ಬೀಡಿ ಹೊಗೆಯಾಡುತ್ತಿತ್ತು.

"ಒಳಗ ಯಾರದಾರ, ವೈಜಿನಾಥ?"

"ನಮ್ಮ ಅಕ್ಕ. ಹೊಟ್ಟಿ ಬ್ಯಾನಿ ಅದ, ದವಾಖಾನಿಗಿ ಹೊಂಟಾಳ. ಬೀಡಿ ಆರ್ಸಿ ದೂರ ಸರೀರಿ, ಪೆಟ್ರೋಲ್ ಸೋರ್ಲಾಕತ್ತದ."

ಸೋಪು ಮೆತ್ತುತ್ತಲೇ ಕಾರಿನಡಿಯಿಂದ ಹೇಳಿದೆ. ಅವರು ಹಿಂದೆ ಸರಿದು ಹೋದರು. ಸೋಪಿನ ಮೇಲೆ ಗೋಣಿಯ ಪಟ್ಟಿ ಬಿಗಿದೆ. ಸೋರುವುದು ನಿಂತು, ಕಾರು ಬೀದರಿನ ದಾರಿ ಹಿಡಿಯಿತು.

ಒಂದು ಸುಳ್ಳಿಗೆ ಅವರು ಇಷ್ಟು ಸುಲಭವಾಗಿ ಹೊರಟುಹೋಗುತ್ತಾರೆಂದು ನನಗೆ ಗೊತ್ತಿರಲಿಲ್ಲ, ಖಾಜಾ. ಹೋದ ಶುಕ್ರವಾರ ನೀನು ಎಲ್ಲಿದ್ದೀಯೆಂದು ನನ್ನನ್ನು ಕೇಳಿದವರೂ ಇವರೇ. ಅವತ್ತು ನಾನು ನಿಜ ಹೇಳಿದೆ.