ಡಾಕ್ಟರನ್ನು ಕರೆದ ಗುರುವಾರ

ಭದ್ರಾವತಿ,
೧೮-೭-೨೦೦೨

ಪ್ರೀತಿಯ ಅಳಿಯ ರೇಣುಕಾಪ್ರಸಾದನಿಗೆ ಸೋದರಮಾವನ ತುಂಬು ಹರಕೆ.

ಆರೋಗ್ಯವಾಗಿದ್ದೀಯಾ? ಹುಬ್ಬಳ್ಳಿ ಮೆಸ್ಸಿನ ಖಾರಕ್ಕೆ ಹೊಟ್ಟೆ ಒಗ್ಗಿತೇ? ಮೊಸರು ಬಿಡಬೇಡ. ಇಲ್ಲಿ ನಿಮ್ಮತ್ತೆ ಕ್ಷೇಮ. ನನ್ನ ಮಾತು ಹಾಗಿರಲಿ.

ಮಾಚೇನಹಳ್ಳಿಯ ವರ್ಕ್‌ಶಾಪಿನಲ್ಲಿ ಕಿಡಿ ಬಡಿದು ಹಾಳಾದ ನನ್ನ ಬಲಗಣ್ಣಿಗೆ, ತೀರಿಕೊಂಡವರು ಯಾರೋ ಕೊಟ್ಟ ಕಾರ್ನಿಯಾವನ್ನು ಯುಗಾದಿ ಕಳೆದ ಮೇಲೆ ಹಾಕಿದರಲ್ಲ, ಅಂದಿನಿಂದ ಗುರುವಾರ ಬಂತೆಂದರೆ ಶಿವಮೊಗ್ಗದ ಆಸ್ಪತ್ರೆಗೆ ನನ್ನ ಸವಾರಿ. ಅಲ್ಲಿ ಕಾರ್ನಿಯಾದವರನ್ನು ನೋಡುವವಳು ತನುಜಾ ಎಂಬ ಹುಡುಗಿ. ಡಾಕ್ಟರಲ್ಲ, ಕಣ್ಣಿನ ಕೆಲಸಕ್ಕೆಂದೇ ಓದಿದವಳು. ಯಂತ್ರಕ್ಕೆ ಗದ್ದ ಇಡಿಸಿ, ಬೆಳಕು ಬಿಟ್ಟು, ಹೊಲಿಗೆ ನೋಡಿ, ಡ್ರಾಪ್ಸ್ ಬದಲಿಸಿ ಕಳಿಸುವುದೆಲ್ಲ ಅವಳೇ. ಡಾಕ್ಟರು ಪಕ್ಕದ ಕೋಣೆಯಲ್ಲಿರುತ್ತಾರೆ. ನಾನು ಬಿಡುತ್ತೇನೆಯೇ? ಏಳನೇ ಕ್ಲಾಸನ್ನು ನಮ್ಮೂರು ಹೊಳಲೂರಿಗೇ ಮೊದಲಿಗನಾಗಿ ಪಾಸು ಮಾಡಿದವನು! "ಏ ಮಾರಾಯ್ತಿ, ದೊಡ್ಡ ಮನುಷ್ಯ ಬಂದಿದೀನಿ, ಡಾಕ್ಟರನ್ನ ಕರಿ" ಎಂದು ಪ್ರತಿ ಸಲವೂ ಕಾಡುತ್ತಿದ್ದೆ. ಅವಳೇನು ಕಡಿಮೆಯೇ? "ಡಾಕ್ಟರು ಬರೋ ಅಷ್ಟು ನಿಮ್ಮ ಕಣ್ಣು ಕೆಟ್ಟಿಲ್ಲ ಷಣ್ಮುಖಪ್ಪಾರೆ. ಬಾಯಿಗೆ ಬೇಕಾದ್ರೆ ಕರೀತೀನಿ." ಬೆಂಚಿನವರೆಲ್ಲ ನಗುತ್ತಿದ್ದರು.

ಇವತ್ತೂ ಹಾಗೇ ಕೂಗಿಕೊಂಡೇ ಹೋಗಿ ಕೂತೆ. ಕಣ್ಣು ಸೋಮವಾರದಿಂದ ಕೆಂಪಗಿತ್ತು. ಥಂಡಿಗೆ ಅಂದುಕೊಂಡಿದ್ದೆ. ಅವಳು ನೋಡಿದಳು. ಮತ್ತೊಮ್ಮೆ ನೋಡಿದಳು. "ಅಲ್ಲಾಡ್ಬೇಡಿ, ಡಾಕ್ಟರನ್ನ ಕರೀತೀನಿ" ಎಂದು ಎದ್ದಳು. ಪ್ರಸಾದ, ಬೆಂಚಿನಲ್ಲಿ ಒಬ್ಬರೂ ನಗಲಿಲ್ಲ ಕಣೋ. ಅಲ್ಲಿ ಡಾಕ್ಟರು ಎದ್ದು ಬರುವುದೆಂದರೆ ಏನೆಂದು ಅವರಿಗೆಲ್ಲ ಗೊತ್ತಿತ್ತು. "ಬೇಡ ಕಣಮ್ಮ, ನೀನೇ ನೋಡು, ಸಾಕು" ಎಂದು ಅವಳ ಕೈ ಹಿಡಿದುಕೊಂಡೆ. ಕಂಬದಂಥ ಆಳು ನಾನು. ಅವಳೇ ಬಿಡಿಸಿಕೊಂಡು ಹೋಗುವವರೆಗೂ ಆ ಕೈ ಬಿಡಲಿಲ್ಲ.

ಹಾಕಿದ ಕಾರ್ನಿಯಾವನ್ನು ಮೈ ಒಲ್ಲೆ ಎನ್ನುತ್ತಿದೆಯಂತೆ. ಗಂಟೆಗೊಮ್ಮೆ ಡ್ರಾಪ್ಸ್ ಬಿಟ್ಟುಕೊಳ್ಳಬೇಕು. "ಉಳಿಯಲೂಬಹುದು" ಎಂದರು ಡಾಕ್ಟರು. ಆ 'ಲೂ' ಕಿವಿಯಿಂದ ಹೋಗುತ್ತಲೇ ಇಲ್ಲ. ನಿಮ್ಮತ್ತೆಗೆ ಥಂಡಿ ಎಂದೇ ಹೇಳಿದ್ದೇನೆ.

ಚೆನ್ನಾಗಿ ಓದು. ನಿನಗೆ ಒಳ್ಳೆಯದಾಗಲಿ.

ನಿನ್ನ ಮಾವ,
ಷಣ್ಮುಖಪ್ಪ

ಮರೆತ ಮಾತು: ಬರುವ ಗುರುವಾರ ಮತ್ತೆ ತೋರಿಸಬೇಕು. ಬುಧವಾರವೇ ಬಂದುಬಿಡು. ಅತ್ತೆ ಕೇಳಿದರೆ ರಜೆ ಅನ್ನು. ಯಂತ್ರದ ಮುಂದೆ ಕೂತಾಗ ನನ್ನ ಬೆನ್ನ ಹಿಂದೆ ನಿಂತಿರು. ಆ ಹುಡುಗಿ ಎದ್ದಳೆಂದರೆ ನನಗೆ ಏನೂ ಹೇಳಬೇಡ, ಭುಜ ಹಿಡಿದುಕೋ.